ಚಳಿ ಎಷ್ಟು ಎನ್ನುವ ಮೊದಲು ಎಷ್ಟು ಎತ್ತರದಲ್ಲಿ ಎಂದು ಕೇಳಬೇಕು

ಮಾಗಿ ಶುರುವಾಯಿತೆಂದರೆ, ದೊಡ್ಡಬಳ್ಳಾಪುರದ ಬಳಿಯ ನಮ್ಮ ಮನೆಯ ಹಿತ್ತಲಿನಲ್ಲಿ ಬೆಳಗ್ಗೆ ಆರೂವರೆಗೆ ನಾನು ಮಾಡುವ ಮೊದಲ ಕೆಲಸ ಎರಡು ಅಂಕಿಗಳನ್ನು ಪುಸ್ತಕದಲ್ಲಿ ಬರೆದುಕೊಳ್ಳುವುದು. ಒಂದು, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ, ಗಾಳಿಯಾಡುವ ಬಿಳಿ ಗೂಡಿನೊಳಗಿರುವ ಥರ್ಮಾಮೀಟರು ಕಂಡ ರಾತ್ರಿಯ ಕನಿಷ್ಠ ಉಷ್ಣಾಂಶ. ಇನ್ನೊಂದು, ಗರಿಕೆಯ ತುದಿ ತಾಗುವಂತೆ ಆಕಾಶಕ್ಕೆ ಮೈಯೊಡ್ಡಿ ಮಲಗಿರುವ ಥರ್ಮಾಮೀಟರು ಕಂಡದ್ದು. ಮೋಡವಿಲ್ಲದ, ಎಲೆ ಅಲುಗದ ರಾತ್ರಿ ಕಳೆದ ಬೆಳಗಿನಲ್ಲಿ ಹುಲ್ಲಿನ ಅಂಕಿ ಗೂಡಿನ ಅಂಕಿಗಿಂತ ಮೂರು ನಾಲ್ಕು ಡಿಗ್ರಿ ಕೆಳಗಿರುತ್ತದೆ. ಮೋಡ ಕವಿದಿದ್ದರೆ ಎರಡೂ ಹೆಚ್ಚುಕಡಿಮೆ ಒಂದೇ. ಐದು ಚಳಿಗಾಲ ಹೀಗೆ ಬರೆದ ಮೇಲೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಎಷ್ಟು ಎತ್ತರದಲ್ಲಿ, ಎಂಥ ನೆಲದ ಮೇಲೆ ಅಳೆದದ್ದು ಎಂದು ಹೇಳದೆ ರಾತ್ರಿಯ ಚಳಿಗೆ ಕೊಡುವ ಅಂಕಿ ಅರ್ಧ ಮಾತು ಮಾತ್ರ. ಮನೆಯಲ್ಲಿ ಹವಾಮಾನ ಕೇಂದ್ರ ಇಟ್ಟುಕೊಂಡಿರುವ ನಾವು ಉಳಿದ ಅರ್ಧವನ್ನೂ ಅಳೆಯಬೇಕು.

ಹವಾಮಾನ ಇಲಾಖೆಗಳು ಒಂದೂಕಾಲು ಮೀಟರಿನಿಂದ ಎರಡು ಮೀಟರಿನೊಳಗಿನ ಎತ್ತರವನ್ನು, ಬಿಸಿಲೂ ಬಯಲೂ ನೇರವಾಗಿ ತಾಗದ ಪೆಟ್ಟಿಗೆಯನ್ನು ಆರಿಸಿಕೊಂಡಿರುವುದಕ್ಕೆ ಒಳ್ಳೆಯ ಕಾರಣವಿದೆ. ಬೀದರಿನ ಅಂಕಿಯನ್ನು ಮಡಿಕೇರಿಯ ಅಂಕಿಯೊಡನೆ, 1884ರ ಜನವರಿ 13ರಂದು ಬೆಂಗಳೂರಿನಲ್ಲಿ ದಾಖಲಾದ 7.8 ಡಿಗ್ರಿಯನ್ನು ಇಂದಿನ ಅಂಕಿಯೊಡನೆ ಹೋಲಿಸಬೇಕಾದರೆ ಎಲ್ಲ ಕಡೆಯೂ ಅಳತೆಯ ಕ್ರಮ ಒಂದೇ ತೆರನಾಗಿರಬೇಕು. ಆದರೆ ನಮ್ಮ ಅವರೆ ಗಿಡ, ಟೊಮೆಟೊ ಸಸಿ, ಮಡಿಯಲ್ಲಿ ಈಗಷ್ಟೇ ಎರಡೆಲೆ ಬಿಟ್ಟ ಸೊಪ್ಪು ಇವು ಯಾವುವೂ ಆ ಪೆಟ್ಟಿಗೆಯೊಳಗೆ ಬೆಳೆಯುವುದಿಲ್ಲ. ಅವು ರಾತ್ರಿಯಿಡೀ ಬಯಲಿಗೆ ಮುಖ ಮಾಡಿ ನಿಂತಿರುತ್ತವೆ, ತಮ್ಮ ಶಾಖವನ್ನು ಅವಕೆಂಪು ಕಿರಣಗಳಾಗಿ ಆಕಾಶಕ್ಕೆ ಕಳೆದುಕೊಳ್ಳುತ್ತಿರುತ್ತವೆ.

ಒಣ ಹವೆಯ ತಿಳಿಯಾದ ರಾತ್ರಿಯಲ್ಲಿ, ಅದರಲ್ಲೂ 8ರಿಂದ 13 ಮೈಕ್ರೋಮೀಟರಿನ ತರಂಗಾಂತರದಲ್ಲಿ, ವಾತಾವರಣ ಈ ಶಾಖಕ್ಕೆ ತೆರೆದ ಕಿಟಕಿಯಂತೆ ಇರುತ್ತದೆ. ಮೋಡ ಬಂದರೆ ಕಿಟಕಿ ಮುಚ್ಚಿದಂತೆ. ಗಾಳಿ ಬೀಸಿದರೆ ಮೇಲಿನ ಬೆಚ್ಚಗಿನ ಹವೆ ಕೆಳಗಿಳಿದು ಬೆರೆಯುತ್ತದೆ. ಹುಲ್ಲಿನ ಎಸಳು ತೆಳು, ಅದರಲ್ಲಿ ಕೂಡಿಟ್ಟ ಶಾಖ ಕಡಿಮೆ, ಮಣ್ಣಿನ ಬಿಸಿ ಅದಕ್ಕೆ ತಲುಪದಂತೆ ನಡುವೆ ಗಾಳಿಯ ಪದರ ಬೇರೆ. ಆದ್ದರಿಂದ ಅದು ಬರಿಯ ಮಣ್ಣಿಗಿಂತಲೂ ಬೇಗ ತಣಿಯುತ್ತದೆ. ಲಂಡನ್ನಿನ ವೈದ್ಯ ವಿಲಿಯಂ ಚಾರ್ಲ್ಸ್ ವೆಲ್ಸ್, ಉಣ್ಣೆಯ ಸಣ್ಣ ಸಣ್ಣ ತುಣುಕುಗಳನ್ನು ತೂಗಿ ರಾತ್ರಿ ಬಯಲಿನಲ್ಲಿಟ್ಟು, ಮತ್ತೆ ತೂಗಿ, 1814ರಲ್ಲಿ ಪ್ರಕಟಿಸಿದ ವಿವರಣೆ ಇಂದಿಗೂ ನಿಂತಿದೆ: ಇಬ್ಬನಿ ಬಿದ್ದುದರಿಂದ ಹುಲ್ಲು ತಣ್ಣಗಾಗುವುದಲ್ಲ, ಹುಲ್ಲು ತಣ್ಣಗಾದುದರಿಂದ ಇಬ್ಬನಿ ಕಟ್ಟುತ್ತದೆ. ಅದಕ್ಕೂ ಮೊದಲೇ ನಮ್ಮ ದೇಶದ ಅಲಹಾಬಾದಿನಲ್ಲಿ ಜನ ಇದೇ ತತ್ತ್ವದಿಂದ ಮಂಜುಗಡ್ಡೆ ಮಾಡುತ್ತಿದ್ದರು. ಬಯಲಿನ ತಗ್ಗಿನಲ್ಲಿ ಒಣ ಕಬ್ಬಿನ ಜಲ್ಲೆ, ಜೋಳದ ದಂಟು ಹಾಸಿ, ಅದರ ಮೇಲೆ ಆಳವಿಲ್ಲದ ಮಣ್ಣಿನ ತಟ್ಟೆಗಳಲ್ಲಿ ನೀರಿಟ್ಟರೆ, ಹವೆ ಸೊನ್ನೆ ಡಿಗ್ರಿಗೆ ಇಳಿಯದಿದ್ದರೂ ನೀರು ಬೆಳಗಿನ ಹೊತ್ತಿಗೆ ಹೆಪ್ಪುಗಟ್ಟುತ್ತಿತ್ತು. ಬ್ರಿಟಿಷ್ ಸೇನಾಧಿಕಾರಿ ರಾಬರ್ಟ್ ಬಾರ್ಕರ್ ಇದನ್ನು 1775ರಲ್ಲಿ ವರದಿ ಮಾಡಿದ್ದಾನೆ.

ಹುಲ್ಲಿನ ಕನಿಷ್ಠ ಉಷ್ಣಾಂಶ ಅಳೆಯುವ ಸಾಂಪ್ರದಾಯಿಕ ಸಾಧನ ಮದ್ಯಸಾರದ ಥರ್ಮಾಮೀಟರು. ಕೊಳವೆಯೊಳಗೆ ಸಣ್ಣದೊಂದು ಸೂಚಕ ಕಡ್ಡಿ ಇರುತ್ತದೆ. ದ್ರವ ಕುಗ್ಗುವಾಗ ಅದರ ಮೇಲ್ಮೈ ಈ ಕಡ್ಡಿಯನ್ನು ಹಿಂದಕ್ಕೆ ಎಳೆದುಕೊಂಡು ಹೋಗುತ್ತದೆ, ಮತ್ತೆ ಹಿಗ್ಗುವಾಗ ಅಲ್ಲೇ ಬಿಟ್ಟು ಮುಂದೆ ಹರಿಯುತ್ತದೆ. ಬುರುಡೆಯ ಕಡೆ ತುಸು ಇಳಿಜಾರಾಗಿ, ನೆಲದಿಂದ ಎರಡೂವರೆಯಿಂದ ಐದು ಸೆಂಟಿಮೀಟರ್ ಎತ್ತರದಲ್ಲಿ, ಕತ್ತರಿಸಿದ ಗಿಡ್ಡ ಹುಲ್ಲಿನ ಮೇಲೆ ಇದನ್ನು ಇಡಬೇಕು. ಸಂಜೆ ಸೂರ್ಯ ಮುಳುಗುವ ಮುನ್ನ ಇಟ್ಟು, ಬೆಳಗ್ಗೆ ಓದಿ, ಒಳಗೆ ತರುವುದು ಕ್ರಮ. ಹಗಲಿಡೀ ಬಿಸಿಲಿನಲ್ಲಿ ಬಿಟ್ಟರೆ ಮದ್ಯಸಾರ ಆವಿಯಾಗಿ ಕೊಳವೆಯ ತುದಿಯಲ್ಲಿ ಕಟ್ಟಿಕೊಳ್ಳುತ್ತದೆ, ಅಂಕಿ ಇರಬೇಕಾದುದಕ್ಕಿಂತ ಕಡಿಮೆಯಾಗಿ ಕಾಣುತ್ತದೆ.

ನಮ್ಮಂಥವರು ಈಗ ಹೆಚ್ಚಾಗಿ ಬಳಸುವುದು ಉಕ್ಕಿನ ಕೊಳವೆಯಲ್ಲಿ ಬರುವ, ಡಿಎಸ್18ಬಿ20 ಎಂಬ ಉಷ್ಣಾಂಶದ ಸೆನ್ಸರು. ಅದರ ತಯಾರಕರು ಹೇಳುವ ನಿಖರತೆ ಹೆಚ್ಚುಕಡಿಮೆ ಅರ್ಧ ಡಿಗ್ರಿ. ಪರದೆಯ ಮೇಲೆ ಎಷ್ಟೇ ದಶಾಂಶ ಸ್ಥಾನ ಕಂಡರೂ ಅದನ್ನು ಮರೆಯಬಾರದು. ನಾನು ಮೊದಲು ಕೊಂಡ ಸೆನ್ಸರು ಪುಡಿ ಮಾಡಿದ ಮಂಜುಗಡ್ಡೆ ಮತ್ತು ನೀರಿನ ಮಿಶ್ರಣದಲ್ಲಿ ಸೊನ್ನೆಯ ಬದಲು 1.3 ಡಿಗ್ರಿ ತೋರಿಸಿತು. ಈ ಪರೀಕ್ಷೆಯನ್ನು ಮಾಡದೆ ಒಂದು ಇಡೀ ಚಳಿಗಾಲ ಬರೆದಿಟ್ಟಿದ್ದ ಅಂಕಿಗಳನ್ನು ನಾನು ಬಿಟ್ಟುಬಿಡಬೇಕಾಯಿತು, ಆ ನೋವು ಇನ್ನೂ ಇದೆ. ಇನ್ನೊಂದು ಸೂಕ್ಷ್ಮವಿದೆ. ಹೊಳೆಯುವ ಲೋಹ ಶಾಖವನ್ನು ಕಿರಣವಾಗಿ ಹೊರಸೂಸುವುದು ತೀರಾ ಕಡಿಮೆ. ಹುಲ್ಲಾಗಲಿ ಗಾಜಾಗಲಿ ಚೆನ್ನಾಗಿ ಹೊರಸೂಸುತ್ತವೆ. ಹೀಗಾಗಿ ಬೆತ್ತಲೆ ಉಕ್ಕಿನ ಕೊಳವೆ ಹುಲ್ಲಿನಷ್ಟು ತಣಿಯುವುದಿಲ್ಲ. ಹೊಳಪಿಲ್ಲದ ಬಣ್ಣ ಬಳಿದ ಮೇಲೆ ನನ್ನ ಹಿತ್ತಲಿನ ಅಂಕಿ, ತಿಳಿಯಾದ ರಾತ್ರಿಗಳಲ್ಲಿ, ಕಣ್ಣಿಗೆ ಕಾಣುವಷ್ಟು ಕೆಳಗಿಳಿಯಿತು. ಗೋಡೆಯ ಪಕ್ಕ, ಮರದ ಕೆಳಗೆ, ಸಿಮೆಂಟಿನ ಅಂಗಳದಲ್ಲಿ ಇಟ್ಟವರಿಗೆ ಈ ವ್ಯತ್ಯಾಸ ಕಾಣುವುದೇ ಇಲ್ಲ, ಏಕೆಂದರೆ ಗೋಡೆಯೂ ಮರವೂ ರಾತ್ರಿಯಿಡೀ ತಮ್ಮ ಶಾಖವನ್ನು ಸೆನ್ಸರಿನ ಕಡೆಗೆ ಸೂಸುತ್ತಿರುತ್ತವೆ.

ನೆಲವೇ ಎಲ್ಲಕ್ಕಿಂತ ತಣ್ಣಗಿರುತ್ತದೆ ಎಂಬ ತೀರ್ಮಾನಕ್ಕೂ ಬರುವಂತಿಲ್ಲ. ಹವಾಮಾನ ವಿಜ್ಞಾನಿ ಎಲ್. ಎ. ರಾಮದಾಸ್ ಮತ್ತು ಎಸ್. ಆತ್ಮನಾಥನ್ 1932ರಲ್ಲಿ ಪ್ರಕಟಿಸಿದ ಅಳತೆಗಳು ಆ ಕಾಲದ ನಂಬಿಕೆಯನ್ನೇ ಅಲುಗಿಸಿದವು. ಬರಿಯ ನೆಲದ ಮೇಲೆ, ಗಾಳಿಯಿಲ್ಲದ ತಿಳಿ ರಾತ್ರಿಗಳಲ್ಲಿ, ಅತ್ಯಂತ ತಣ್ಣಗಿನ ಜಾಗ ನೆಲವಲ್ಲ, ನೆಲದಿಂದ ತುಸು ಮೇಲಿನ ಹವೆ. ಒಂದೊಂದು ಸಲ ಅದು ನೆಲಕ್ಕಿಂತ ಕೆಲವು ಡಿಗ್ರಿ ಕಡಿಮೆ. ತಣ್ಣನೆಯ, ಭಾರದ ಹವೆ ಬೆಚ್ಚಗಿನ ನೆಲದ ಮೇಲೆ ಕುಸಿಯದೆ ನಿಲ್ಲುವುದು ಹೇಗೆ ಎಂದು ಬಹಳ ಜನ ನಂಬಲಿಲ್ಲ. ಅಳತೆಯೇ ತಪ್ಪಿರಬೇಕು ಎಂದರು. ಆದರೆ ಬೇರೆ ಬೇರೆ ಕಡೆಯ ಅಳತೆಗಳೂ ಅದನ್ನೇ ತೋರಿಸಿದವು, ಆ ಪದರಕ್ಕೆ ರಾಮದಾಸರ ಹೆಸರೇ ನಿಂತಿತು. ಅದಕ್ಕೆ ಗಣಿತದ ವಿವರಣೆ ಹುಡುಕಿದ ಕೆಲಸ ನಡೆದದ್ದು ನಮ್ಮ ಬೆಂಗಳೂರಿನಲ್ಲಿ: 1993ರಲ್ಲಿ ಎ. ಎಸ್. ವಾಸುದೇವ ಮೂರ್ತಿ, ಜೆ. ಶ್ರೀನಿವಾಸನ್ ಮತ್ತು ರೊದ್ದಂ ನರಸಿಂಹ ಅವರು ಕಿರಣ ವಿನಿಮಯದ ಆಧಾರದ ಮೇಲೆ ಸಿದ್ಧಾಂತ ಮಂಡಿಸಿದರು. ಮುಂದೆ ಜಕ್ಕೂರಿನ ಜವಾಹರಲಾಲ್ ನೆಹರೂ ವಿಜ್ಞಾನ ಸಂಶೋಧನಾ ಕೇಂದ್ರದಲ್ಲಿ ಕೆ. ಆರ್. ಶ್ರೀನಿವಾಸ್ ಮತ್ತು ಸಂಗಡಿಗರು ನೆಲದ ಬಳಿ ತೇಲುವ ಸೂಕ್ಷ್ಮ ಧೂಳಿನ ಕಣಗಳೇ ಶಾಖವನ್ನು ಹೊರಸೂಸಿ ಆ ಪದರವನ್ನು ತಣಿಸುತ್ತವೆ ಎಂದು ವಾದಿಸಿದರು. ಒಂದು ಗೇಣಿನೊಳಗೆ ನಡೆಯುವ ಈ ವ್ಯವಹಾರ ಒಂದೂವರೆ ಮೀಟರ್ ಎತ್ತರದ ಪೆಟ್ಟಿಗೆಗೆ ಕಾಣುವುದಿಲ್ಲ.

ಇದು ಬರೀ ಕುತೂಹಲದ ವಿಷಯವೂ ಅಲ್ಲ. ಟೊಮೆಟೊ, ಆಲೂಗಡ್ಡೆಗೆ ಬರುವ ಅಂಗಮಾರಿ ರೋಗ ಹಬ್ಬುವುದಕ್ಕೆ ಎಲೆ ಹಲವು ಗಂಟೆ ಒದ್ದೆಯಾಗಿರಬೇಕು. ಎಲೆ ಒದ್ದೆಯಾಗುವುದು ಅದರ ಉಷ್ಣಾಂಶ ಇಬ್ಬನಿ ಕಟ್ಟುವ ಮಟ್ಟಕ್ಕೆ ಇಳಿದಾಗ, ಆ ಹೊತ್ತಿನಲ್ಲಿ ಪೆಟ್ಟಿಗೆಯ ಉಷ್ಣಾಂಶ ಇನ್ನೂ ಮೇಲೆಯೇ ಇರಬಹುದು. ಪೆಟ್ಟಿಗೆಯ ಅಂಕಿಯನ್ನು ನಂಬಿ ರಾತ್ರಿ ಒಣಗಿತ್ತು ಎಂದುಕೊಂಡವರ ಹೊಲ ಬೆಳಗ್ಗೆ ತೊಯ್ದಿರುತ್ತದೆ. ಪಕ್ಕದ ಹೊಲದ ಹಿರಿಯರು ಯಾವ ಸಾಧನವೂ ಇಲ್ಲದೆ ಇದನ್ನು ಬಲ್ಲರು. ಒಂದು ಬೆಳಗ್ಗೆ ಅವರು, “ರಾತ್ರಿಯೆಲ್ಲಾ ಮೋಡ ಕಣಪ್ಪ, ಇಬ್ಬನಿನೇ ಇಲ್ಲ, ಅವರೆಗೆ ಸೊಗಡು ಎಲ್ಲಿಂದ ಬರಬೇಕು?” ಎಂದರು. ನನ್ನ ಪುಸ್ತಕದಲ್ಲಿ ಆ ದಿನದ ಎರಡು ಅಂಕಿಗಳ ನಡುವಿನ ಅಂತರ 0.4 ಡಿಗ್ರಿ.

ಈ ಸಲ ಅವರೆ ಕಿತ್ತ ಮೇಲೆ ಬರಿದಾಗುವ ಕೆಮ್ಮಣ್ಣಿನ ಪಟ್ಟಿಯಲ್ಲಿ ಮೂರು ಸೆನ್ಸರು ನೆಡುತ್ತೇನೆ: ಮಣ್ಣಿಗೆ ತಾಗಿದಂತೆ ಒಂದು, ಒಂದು ಗೇಣು ಮೇಲೆ ಒಂದು, ಒಂದು ಮೊಳ ಮೇಲೆ ಇನ್ನೊಂದು. ಮೂರನ್ನೂ ಮೊದಲು ಒಂದೇ ಪಾತ್ರೆಯ ಮಂಜುಗಡ್ಡೆಯಲ್ಲಿ ಇಟ್ಟು ಸರಿನೋಡಿದ್ದಾಗಿದೆ. ಕೋಲಾರ, ಹಾಸನ, ಬೀದರ್ ಕಡೆ ಮನೆಯಲ್ಲಿ ಅಳೆಯುವವರು ಇದನ್ನು ಓದುತ್ತಿದ್ದರೆ, ದಯವಿಟ್ಟು ನೀವೂ ಹುಲ್ಲಿನ ಮೇಲೊಂದು ಸೆನ್ಸರು ಇಡಿ. ಅಂಕಿ ಹಾಕುವಾಗ ಎತ್ತರ, ನೆಲದ ಬಗೆ, ಮೋಡ, ಗಾಳಿ ಈ ನಾಲ್ಕನ್ನೂ ಪಕ್ಕದಲ್ಲೇ ಬರೆಯಿರಿ, ಸಂಕ್ರಾಂತಿಯವರೆಗಿನ ಬೆಳಗುಗಳನ್ನು ಒಟ್ಟಿಗೆ ಇಟ್ಟು ನೋಡೋಣ.