ಕ್ಲಾಸಿನ ಹಿಂದೆ ನಿಂತ ಹೆಡ್‌ಮಾಸ್ಟರು

ಕಳೆದ ನವೆಂಬರಿನ ಒಂದು ದಿನ ಮಗಳು ಶಾಲೆಯಿಂದ ತಡವಾಗಿ ಬಂದಳು. ನಮ್ಮ ಮನೆ ಟೋಕಿಯೋದ ಎಡೊಗಾವಾದಲ್ಲಿ. ಅವಳು ಇಲ್ಲಿನ ಸರ್ಕಾರಿ ಶಾಲೆಯಲ್ಲಿ ಒಂದನೇ ಕ್ಲಾಸು. "ಅಪ್ಪಾ, ಇವತ್ತು ನಮ್ಮ ಕ್ಲಾಸ್ ಬಿಟ್ಟು ಎಲ್ಲರನ್ನೂ ಬೇಗ ಮನೆಗೆ ಕಳಿಸಿದರು. ಟೀಚರ್‌ಗಳೆಲ್ಲ ಬಂದು ನಮ್ಮ ಹಿಂದೆ ನಿಂತಿದ್ದರು. ಹೆಡ್‌ಮಾಸ್ಟರೂ ಇದ್ದರು" ಅಂದಳು. ಪಾಪ, ಅವಳ ಟೀಚರ್ ಏನೋ ತಪ್ಪು ಮಾಡಿರಬೇಕು ಅಂದುಕೊಂಡೆ.

ನಮ್ಮೂರಿನ ಶಾಲೆಯಲ್ಲಿ ಓದಿದವರಿಗೆ ಹಾಗನ್ನಿಸುವುದು ಸಹಜ ಅಲ್ವಾ? ದೊಡ್ಡವರು ಕ್ಲಾಸಿಗೆ ಬಂದರೆ ಅದು ತಪಾಸಣೆ. ಸಾಹೇಬರು ಬರುತ್ತಾರೆ ಅಂದರೆ ಹಿಂದಿನ ದಿನವೇ ಗೋಡೆಗೆ ಚಾರ್ಟ್ ಏರುತ್ತಿತ್ತು. ಉತ್ತರ ಗೊತ್ತಿರುವ ಮಕ್ಕಳು ಮುಂದಿನ ಸಾಲಿಗೆ ಬರುತ್ತಿದ್ದರು.

ಇಲ್ಲಿ ನಡೆದದ್ದು ಬೇರೆ. ಇದಕ್ಕೆ 'ಜುಗ್ಯೋ ಕೆಂಕ್ಯೂ' ಅನ್ನುತ್ತಾರೆ, ಪಾಠವನ್ನೇ ಅಧ್ಯಯನ ಮಾಡುವುದು ಅಂತ. ಪೋಷಕರ ಭೇಟಿಯ ದಿನ ಮಗಳ ಟೀಚರ್ ಬಿಡಿಸಿ ಹೇಳಿದರು. ಅವತ್ತಿನ ಪಾಠ 13ರಲ್ಲಿ 9 ಕಳೆಯುವುದು. ಅದೊಂದಕ್ಕೆ ನಾಲ್ಕಾರು ಶಿಕ್ಷಕರು ವಾರಗಟ್ಟಲೆ ಕೂತು ಯೋಚಿಸಿದ್ದರು. 9 ಯಾಕೆ? ಹತ್ತರಲ್ಲಿ 9 ಹೋದರೆ 1, ಅದಕ್ಕೆ ಉಳಿದ 3 ಸೇರಿದರೆ 4. ಈ ದಾರಿ ಮಕ್ಕಳ ಕಣ್ಣಿಗೆ ತಾನಾಗಿ ಬೀಳಲಿ ಅಂತ. ಕೆಲವರು ಮೊದಲು 3 ಕಳೆದು ಆಮೇಲೆ 6 ಕಳೆಯುತ್ತಾರೆ. ಬೆರಳು ಮಡಚುತ್ತಾ ಹಿಂದಕ್ಕೆ ಎಣಿಸುವವರೂ ಇರುತ್ತಾರೆ. ಮಕ್ಕಳು ಏನೇನು ಮಾಡಬಹುದು ಅಂತ ಮೊದಲೇ ಬರೆದಿಟ್ಟಿದ್ದರು. ಬಂದವರು ಟೀಚರಿಗಿಂತ ಜಾಸ್ತಿ ನೋಡಿದ್ದು ಮಕ್ಕಳ ನೋಟ್‌ಬುಕ್ಕನ್ನು. ಆಮೇಲಿನ ಚರ್ಚೆಯಲ್ಲಿ ಹೆಡ್‌ಮಾಸ್ಟರು ಅಂಕ ಕೊಡಲಿಲ್ಲವಂತೆ. "ಕಿಟಕಿ ಪಕ್ಕದ ಹುಡುಗ ಮೂರು ಸಲ ಬರೆದು ಅಳಿಸಿದ. ಯಾಕಿರಬಹುದು? ನನಗೆ ತಿಳಿಯಲಿಲ್ಲ" ಅಂದರಂತೆ.

ಶಾಲೆ ನಡೆಸುವವರು 'ನನಗೆ ತಿಳಿಯಲಿಲ್ಲ' ಅಂತ ಎಲ್ಲರೆದುರು ಹೇಳಿದರೆ ಉಳಿದ ಟೀಚರ್‌ಗಳಿಗೂ ಕೇಳುವ ಧೈರ್ಯ ಬರುತ್ತದೆ. ಕಲಿಯುವ ಶಾಲೆ ಅಂದರೆ ನನ್ನ ಮಟ್ಟಿಗೆ ಇಷ್ಟೇ.

ಇಲ್ಲಿ ಎಲ್ಲವೂ ಚೆನ್ನಾಗಿದೆ ಅಂತ ಹೇಳಲಾರೆ. ಹಲವು ದೇಶಗಳ ಆರ್ಥಿಕ ಸಹಕಾರ ಸಂಸ್ಥೆ ಒಇಸಿಡಿ 2018ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಇಲ್ಲಿನ ಮಾಧ್ಯಮಿಕ ಶಿಕ್ಷಕರ ದುಡಿಮೆ ವಾರಕ್ಕೆ 56 ಗಂಟೆ. ಅಷ್ಟು ದುಡಿಯುವವರು ಬೇರೆ ಯಾವ ದೇಶದಲ್ಲೂ ಸಿಗಲಿಲ್ಲ. ಶಾಲೆಗೆ ಹೋಗಲು ಒಲ್ಲದೆ ಮನೆಯಲ್ಲೇ ಉಳಿದ ಮಕ್ಕಳು 2023ರ ಶಾಲಾ ವರ್ಷದಲ್ಲಿ 3 ಲಕ್ಷ 46 ಸಾವಿರ. ಅದನ್ನು ಓದಿದ ದಿನ ತುಂಬಾ ನೋವಾಯಿತು.

ನನ್ನ ಅಕ್ಕ ತುಮಕೂರು ಜಿಲ್ಲೆಯ ಒಂದು ಹಳ್ಳಿ ಶಾಲೆಯಲ್ಲಿ ಮುಖ್ಯ ಶಿಕ್ಷಕಿ. ಇದನ್ನೆಲ್ಲ ಹೇಳಿದಾಗ ಅವಳು, "ಪಾಠ ನೋಡೋಕೆ ನನಗೆ ಹೊತ್ತೆಲ್ಲಿದೆಯೋ?" ಅಂದಳು. ಬಿಸಿಯೂಟದ ಲೆಕ್ಕ, ಮೊಟ್ಟೆ, ಹಾಲಿನ ಪುಡಿ, ಆನ್‌ಲೈನಿನಲ್ಲಿ ತುಂಬಬೇಕಾದ ಮಾಹಿತಿ, ಬಿಇಒ ಕಚೇರಿಯ ಮೀಟಿಂಗು. ಅದರ ನಡುವೆ ಅವಳ ಪಾಲಿನ ಕ್ಲಾಸುಗಳೂ ಇವೆ. ಅವಳದ್ದು ನೆಪ ಅಲ್ಲ. ಗುಮಾಸ್ತರ ಕೆಲಸವನ್ನೆಲ್ಲ ತಲೆ ಮೇಲೆ ಹೇರಿ, ಶಾಲೆ ಸುಧಾರಿಸಿ ಅಂದರೆ ಆಗುವ ಮಾತಲ್ಲ.

ಆದರೆ ಕೂಡಿ ಕಲಿಯುವುದು ನಮಗೆ ಹೊಸದಲ್ಲ. 1995ರಲ್ಲಿ ಎಚ್.ಡಿ. ಕೋಟೆಯ ಸರ್ಕಾರಿ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಗೆ ಹೋಗಿ ಅಲ್ಲಿನ ಶಾಲೆಗಳನ್ನು ನೋಡಿ ಬಂದರು. ಆಮೇಲೆ ಮಕ್ಕಳು ಹಂತಹಂತವಾಗಿ ಕಲಿಯುವ ಕಾರ್ಡುಗಳನ್ನು ತಾವೇ ಕೂತು ಬರೆದರು. ನಮ್ಮ ಸರ್ಕಾರಿ ಶಾಲೆಗಳ ಚಿಕ್ಕ ಕ್ಲಾಸುಗಳ ನಲಿ-ಕಲಿ ಪದ್ಧತಿ ಹುಟ್ಟಿದ್ದು ಹಾಗೆ. ಇಡೀ ರಾಜ್ಯಕ್ಕೆ ಹಬ್ಬಿದಾಗ ಕಾರ್ಡುಗಳು ಎಲ್ಲ ಕಡೆ ತಲುಪಿದವು. ಕೂಡಿ ಕೂತು ಯೋಚಿಸುವ ಆ ರೂಢಿ ಅಷ್ಟು ದೂರ ತಲುಪಲಿಲ್ಲ ಅಂತ ನನ್ನ ಅನಿಸಿಕೆ.

ಹೋದ ತಿಂಗಳು ಅಕ್ಕನೇ ಫೋನ್ ಮಾಡಿದಳು. ಶನಿವಾರ ಬೆಳಿಗ್ಗೆ ಉಳಿದ ಮಕ್ಕಳು ಮೈದಾನದಲ್ಲಿ ಕವಾಯತಿಗೆ ನಿಂತಿದ್ದಾಗ ಎರಡನೇ ಕ್ಲಾಸಿಗೆ ಅವಳೇ ಪಾಠ ಮಾಡಿದಳಂತೆ. ಇಬ್ಬರು ಟೀಚರ್‌ಗಳನ್ನು ಹಿಂದೆ ಕೂರಿಸಿಕೊಂಡಿದ್ದಳು. "ಒಬ್ಬಳು ಹುಡುಗಿ ಸರಿ ಉತ್ತರ ಬರೆದಳು ಕಣೋ, ಆದರೆ ಹೇಗೆ ಮಾಡಿದೆ ಅಂದರೆ ಹೇಳೋಕೆ ಬರಲಿಲ್ಲ. ನಾನು ಗಮನಿಸಿರಲೇ ಇಲ್ಲ, ಹಿಂದೆ ಕೂತ ಟೀಚರ್ ನೋಡಿ ಹೇಳಿದರು." ಬರುವ ಶನಿವಾರ ಆ ಟೀಚರ ಪಾಠವಂತೆ. ಅಕ್ಕ ಹಿಂದೆ ಕೂರುತ್ತಾಳೆ.