ತ್ರಿಶಂಕುವಿನ ಪಂಚೆ

ಅತಿಯಾಸೆ ಗತಿಗೇಡು ಎಂಬುದನ್ನು ಫೋಟೊದಲ್ಲಿ ಹೇಳಹೊರಟವರ ಕೈ ಮೊದಲು ಹೋಗುವುದು ಏಣಿಗೆ. ಮೋಡಕ್ಕೆ ಒರಗಿಸಿದ ಏಣಿ, ತುದಿಯಲ್ಲಿ ಟೈ ಕಟ್ಟಿದ ಮನುಷ್ಯ. ಈ ಏಣಿ ಸವೆದುಹೋಗಿದೆ. ನಮ್ಮಲ್ಲಿ ತ್ರಿಶಂಕುವೇ ಇದ್ದಾನಲ್ಲ! ದೇಹಸಮೇತ ಸ್ವರ್ಗಕ್ಕೆ ಹೋಗುತ್ತೇನೆಂದು ಹಟ ಹಿಡಿದ, ವಿಶ್ವಾಮಿತ್ರ ಕಳಿಸಿದ, ಇಂದ್ರ ದಬ್ಬಿದ, ತಲೆಕೆಳಗಾಗಿ ನಡುವೆಯೇ ನಿಂತ.

ನಿಂತವನ ಫೋಟೊ ತೆಗೆದು 180 ಡಿಗ್ರಿ ತಿರುಗಿಸಿದರೆ ಮುಗಿಯಿತು ಎಂದುಕೊಳ್ಳಬೇಡಿ. ತಿರುಗಿಸಿದರೆ ಕಾಣುವುದು ಸೂರಿನ ಮೇಲೆ ನಿಂತ ಹಲ್ಲಿ: ಪಾದ ಚಪ್ಪಟೆ, ಕೂದಲು ಭುಜದ ಕಡೆಗೆ ಏರಿದೆ, ಪಂಚೆಯಂತೂ ಗಂಜಿ ಕುಡಿದಂತೆ ಕಣಕಾಲಿನತ್ತ ನೆಟ್ಟಗೆ ನಿಂತಿದೆ. ನಿಜವಾಗಿ ತಲೆಕೆಳಗಾದವನ ಪಂಚೆ ಎಲ್ಲಿರುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಮರ್ಯಾದೆಗೂ ಭೌತಶಾಸ್ತ್ರಕ್ಕೂ ಒಟ್ಟಿಗೆ ಹೊಂದುವುದು ಕಚ್ಚೆಪಂಚೆ ಒಂದೇ, ಬಿಗಿಯಾಗಿ ಉಡಿಸಿ.

ಮಿಕ್ಕದ್ದನ್ನು ಬಿಡಿಬಿಡಿಯಾಗಿ ತೆಗೆದು ಕಂಪ್ಯೂಟರಿನಲ್ಲಿ ಕೂಡಿಸಬೇಕು. ಮೇಜಿನ ಅಂಚಿನಲ್ಲಿ ಕೂರಿಸಿ ಇಳಿಬಿಟ್ಟ ಕಾಲುಗಳನ್ನು ತೆಗೆದು, ಕಚ್ಚೆಯ ನೆರಿಗೆಯಲ್ಲಿ ಬೆಸುಗೆ ಹಾಕಿದರೆ ಗೊತ್ತಾಗದು. ಶಲ್ಯವನ್ನು ಬಟ್ಟೆ ಒಣಹಾಕುವ ತಂತಿಗೆ ನೇತುಹಾಕಿ ತೆಗೆಯಿರಿ; ಅದನ್ನು ತಿರುಗಿಸುವ ಕೆಲಸವೇ ಇಲ್ಲ. ಉದ್ದಗೂದಲಿನವನಾದರೆ ಬೆಂಚಿನ ಮೇಲೆ ಮಲಗಿಸಿ, ತಲೆ ಅಂಚಿನಿಂದ ಹೊರಗೆ. ಎರಡು ನಿಮಿಷ ಸಾಕು, ಮುಖ ಟೊಮೆಟೊ ಆಗುತ್ತದೆ.

ತಿರುಗಿಸುವ ಬದಲು ಮೇಲೆಕೆಳಗೆ ಫ್ಲಿಪ್ ಮಾಡಿದರೆ ಇನ್ನೊಂದು ಅವಾಂತರ. ಅದು ಕನ್ನಡಿ ಬಿಂಬ. ಎಡಭುಜದ ಜನಿವಾರ ಬಲಭುಜಕ್ಕೆ ಬಂದು, ಸ್ವರ್ಗಕ್ಕೆ ಹೊರಟವನು ಶ್ರಾದ್ಧಕ್ಕೆ ಕೂತಂತೆ ಕಾಣುತ್ತಾನೆ.

ಕ್ಯಾಮೆರಾ ಎಲ್ಲಿಡಬೇಕು? ತಲೆಕೆಳಗಾಗಿ ತೂಗುವವನನ್ನು ನೆಲದಿಂದ ನೋಡಿದರೆ ನೆತ್ತಿ ಕಾಣುತ್ತದೆ. ಹಾಗಾಗಿ ತೆಗೆಯುವಾಗಲೂ ನೆತ್ತಿ ಕಾಣುವಷ್ಟು ಮೇಲಿರಬೇಕು. ಚಿತ್ರದಲ್ಲಿ ಅವನು ದಿಗಂತದಿಂದ 25 ಡಿಗ್ರಿ ಮೇಲಿರುವುದಾದರೆ ಕ್ಯಾಮೆರಾ ಅಷ್ಟೇ ಕೆಳಗೆ ಬಾಗಬೇಕು. 10 ಅಡಿ ದೂರದಿಂದ ತೆಗೆದರೆ ಹತ್ತಿರಹತ್ತಿರ 8 ಅಡಿ ಎತ್ತರ. ಬೇಡವೆಂದು ಬಿಟ್ಟ ಏಣಿ ಈಗ ಛಾಯಾಗ್ರಾಹಕನ ಕಾಲಕೆಳಗೆ ಬಂತು. ಹಿಡಿದುಕೊಳ್ಳಲು ಒಬ್ಬರಿರಲಿ, ಕ್ಯಾಮೆರಾ ಪಟ್ಟಿ ಕುತ್ತಿಗೆಯಲ್ಲಿರಲಿ. ಅಪಾಯ ಚಿತ್ರದೊಳಗಿದ್ದರೆ ಸಾಕು.

ಬೆಳಕು ಇನ್ನೂ ಮೋಸ. ಹಗಲಿನ ಆಕಾಶಕ್ಕೆ ಸೇರಿಸುವುದಾದರೆ, ತಿರುಗಿಸಿದ ಮೇಲೆ ಬಿಸಿಲು ಪಾದದ ಕಡೆಯಿಂದ ಬೀಳಬೇಕು. ಅಂದರೆ ತೆಗೆಯುವಾಗ ಬೆಳಕು ನೆಲದಿಂದ ಏಳಬೇಕು. ಬೆಳಕು ಪುಟಿಸಲು ನೆಲಕ್ಕೆ ಥರ್ಮಾಕೋಲ್ ಹಾಸಿ ಒದ್ದಾಡುವ ಬದಲು ರಾತ್ರಿ ಮಾಡಿಬಿಡಿ. ರಾತ್ರಿ ಅವನಿಗೆ ಬೆಳಕು ಕೊಡುವುದು ಕೆಳಗಿನ ಊರಿನ ಬೀದಿದೀಪ. ಆಗ ತೆಗೆಯುವಾಗ ತಲೆಯ ಮೇಲೊಂದು ಹಳದಿ ಬಲ್ಬು ಸಾಕು. ಬಲ್ಬು ಎಡಕ್ಕಿದ್ದರೆ ತಿರುಗಿಸಿದ ಮೇಲೆ ಬಲಕ್ಕೆ ಹೋಗುತ್ತದೆ, ಮರೆಯಬೇಡಿ.

ರಾತ್ರಿಗೆ ಇನ್ನೊಂದು ಲಾಭ: ಹಿನ್ನೆಲೆಗೆ ತ್ರಿಶಂಕು ನಕ್ಷತ್ರಪುಂಜವೇ ಸಿಗುತ್ತದೆ. ಮೇ ನಡುವೆ ರಾತ್ರಿ 9ರ ಸುಮಾರಿಗೆ, ಬೆಂಗಳೂರಿನ ಅಕ್ಷಾಂಶದಲ್ಲಿ, ನೇರ ದಕ್ಷಿಣಕ್ಕೆ ದಿಗಂತದಿಂದ 17 ಡಿಗ್ರಿಯಷ್ಟೇ ಮೇಲೆ. ನಗರದ ಬೆಳಕು ದಾಟಿ, ದಕ್ಷಿಣಕ್ಕೆ ಗುಡ್ಡವಿಲ್ಲದ ಕಡೆ ಟ್ರೈಪಾಡ್ ಊರಿ: ಫುಲ್‌ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾ, 24 ಎಂಎಂ ಲೆನ್ಸ್, ಲೆನ್ಸಿನ ಕಿಂಡಿ ಎಫ್ 2.8, ಬೆಳಕಿನ ಸೂಕ್ಷ್ಮತೆ ಅಂದರೆ ಐಎಸ್‌ಒ 3200, 20 ಸೆಕೆಂಡು. ಹೆಚ್ಚು ಹೊತ್ತು ತೆರೆದಿಟ್ಟರೆ ಚುಕ್ಕಿ ಗೆರೆಯಾಗುತ್ತದೆ.

ಐಎಸ್‌ಒ 3200ರ ಆಕಾಶ ರವೆರವೆಯಾಗಿರುತ್ತದೆ. ಅದರ ಮೇಲೆ 100ರಲ್ಲಿ ತೆಗೆದ ನುಣ್ಣನೆ ಮನುಷ್ಯನನ್ನು ಕೂರಿಸಿದರೆ ಸ್ಟಿಕರ್ ಅಂಟಿಸಿದಂತೆ. ಅವನನ್ನೂ 3200ರಲ್ಲೇ ತೆಗೆಯಿರಿ. ಅವನನ್ನು ಹಿನ್ನೆಲೆಯಿಂದ ಕತ್ತರಿಸಿಕೊಳ್ಳುವ ಮಾಸ್ಕಿನ ಅಂಚನ್ನು ಒಂದೆರಡು ಪಿಕ್ಸೆಲ್ ಒಳಗೆ ಸರಿಸಿ, ಇಲ್ಲದಿದ್ದರೆ ಹಿಂದಿನ ಗೋಡೆಯ ಬಣ್ಣ ಪ್ರಭಾವಳಿಯಾಗಿ ಉಳಿಯುತ್ತದೆ.

ಇಷ್ಟಾದ ಮೇಲೆ ಒಂದು ಹದ್ದು, ಸ್ವಲ್ಪ ಮಿಂಚು, ಇಂದ್ರನ ಕೈ ಎಂದು ಮನಸ್ಸು ಎಳೆಯುತ್ತದೆ. ಛಾಯಾಗ್ರಾಹಕ ಆಸ್ಕರ್ ರೈಲಾಂಡರ್ 1857ರಲ್ಲೇ ಮೂವತ್ತಕ್ಕೂ ಹೆಚ್ಚು ನೆಗೆಟಿವ್ ಕೂಡಿಸಿ ಒಂದು ಚಿತ್ರ ಮಾಡಿದ್ದ, ನಿಜ; ಅವನ ನೆಗೆಟಿವ್‌ಗಳು ಲ್ಯಾಪ್‌ಟಾಪಿನ ಫ್ಯಾನು ಕಿರುಚಿಸುತ್ತಿರಲಿಲ್ಲ. 24 ಮೆಗಾಪಿಕ್ಸೆಲ್‌ನ ಒಂದು 16 ಬಿಟ್ ಲೇಯರ್ (ಒಂದರ ಮೇಲೊಂದು ಕೂರಿಸುವ ಪದರ) ಸುಮಾರು 144 ಎಂಬಿ. ಫೋಟೊಶಾಪ್‌ನ ಪಿಎಸ್‌ಡಿ ಕಡತದ ಮಿತಿ 2 ಜಿಬಿ. ದಾಟಿದರೆ ದೊಡ್ಡ ಕಡತಗಳಿಗಿರುವ ಪಿಎಸ್‌ಬಿ ಎಂದೇ ಉಳಿಸಬೇಕು.

ಕಡೆಗೆ, ಫೋನಿನಲ್ಲಿ ಇಂಥ ಚಿತ್ರ ಕಂಡವರು ಫೋನನ್ನೇ ತಿರುಗಿಸಿ ನೋಡುತ್ತಾರೆ. ಅವರಿಗಿಂತ ಮೊದಲು ನೀವೇ ತಿರುಗಿಸಿ ನೋಡಿ. ತಿರುಗಿಸಿದಾಗ ತ್ರಿಶಂಕು ನೆಟ್ಟಗೆ, ಅವನ ಕೂದಲೂ ನೆಟ್ಟಗೆ ನಿಂತಿದ್ದರೆ ಕೆಲಸ ಸರಿಯಾಗಿದೆ.