ಓದದೇ ಉಳಿದ ಮೂರನೆಯ ತರಗತಿ

ದೊಡ್ಡ ಸಂಖ್ಯೆಗಳ ಭಾಗಾಕಾರವನ್ನು ಕಾಗದದ ಮೇಲೆ ಮಾಡುವಾಗ ನನಗೆ ಇವತ್ತಿಗೂ ಕೈ ತಡೆಯುತ್ತದೆ. ನಾನು ಮೂರನೆಯ ತರಗತಿ ಓದಿಲ್ಲ. ತಿಪಟೂರಿನ ಕಡೆಯ ನಮ್ಮೂರ ಶಾಲೆಯ ಹೆಡ್ಮಾಸ್ಟರು ಅಪ್ಪನನ್ನು ಕರೆಸಿ, ‘ಹುಡುಗ ಚುರುಕಾಗಿದ್ದಾನೆ, ಡಬಲ್ ಪ್ರಮೋಷನ್ ಕೊಡೋಣ’ ಎಂದರು. ಅಪ್ಪ ತಲೆಯಾಡಿಸಿದರು. ಎರಡರಿಂದ ನೇರ ನಾಲ್ಕಕ್ಕೆ. ಅದಕ್ಕೂ ಮೊದಲು, ಶಾಲೆಗೆ ಸೇರಿಸುವ ದಿನ, ಕೈಯನ್ನು ತಲೆಯ ಮೇಲಿಂದ ತಂದು ಆಚೆ ಕಿವಿ ಮುಟ್ಟಿಸಿ ನೋಡಿದ್ದರು. ಮುಟ್ಟಿತು, ಸೇರಿಸಿಕೊಂಡರು. ಹುಟ್ಟಿದ ತಾರೀಕನ್ನೂ ಅವರೇ ಬರೆದುಕೊಂಡರು.

ಈಗ ನಾನಿರುವ ಬರ್ಲಿನ್‌ನಲ್ಲಿ ನನ್ನ ಮಗಳ ವಿಷಯಕ್ಕೂ, ತರಗತಿ ದಾಟಿಸಬೇಕೇ ಎಂಬ ಅದೇ ಪ್ರಶ್ನೆ ಬಂದಿದೆ. ಇಲ್ಲಿ ಒಂದು ಮತ್ತು ಎರಡನೆಯ ತರಗತಿ ಸೇರಿ ಒಂದೇ ಹಂತ. ಹೆಚ್ಚಿನ ಮಕ್ಕಳು ಅದನ್ನು ಎರಡು ವರ್ಷದಲ್ಲಿ ಮುಗಿಸುತ್ತಾರೆ, ಬೇಗ ಕಲಿಯುವವರು ಒಂದೇ ವರ್ಷದಲ್ಲಿ, ನಿಧಾನ ಬೇಕಾದವರು ಮೂರು ವರ್ಷದಲ್ಲಿ. ಮೂರು ವರ್ಷ ತೆಗೆದುಕೊಂಡವರನ್ನು ನಪಾಸು ಎನ್ನುವುದಿಲ್ಲ. ಅನೇಕ ಶಾಲೆಗಳಲ್ಲಿ ಚಿಕ್ಕವರು, ದೊಡ್ಡವರು ಒಂದೇ ಕೋಣೆಯಲ್ಲಿ ಕೂರುವುದರಿಂದ ಯಾರು ಮುಂದೆ, ಯಾರು ಹಿಂದೆ ಎಂಬುದು ಎದ್ದು ಕಾಣುವುದೂ ಇಲ್ಲ.

ಟೀಚರು ನಮ್ಮನ್ನು ಮುಕ್ಕಾಲು ಗಂಟೆ ಕೂರಿಸಿಕೊಂಡರು. ಅಂಕದ ಮಾತು ಐದು ನಿಮಿಷ. ಉಳಿದದ್ದೆಲ್ಲ ಬೇರೆ: ವಿರಾಮದಲ್ಲಿ ಯಾರ ಜೊತೆ ಆಡುತ್ತಾಳೆ, ಆಟದಲ್ಲಿ ಸೋತರೆ ಏನು ಮಾಡುತ್ತಾಳೆ, ಶಾಲೆಯಿಂದ ಬಂದಾಗ ಎಷ್ಟು ದಣಿದಿರುತ್ತಾಳೆ. ಕೊನೆಗೆ, ‘ಅವಳನ್ನೇ ಕೇಳಿದಿರಾ?’ ಎಂದರು. ಕೇಳಿರಲಿಲ್ಲ. ನನ್ನನ್ನು ಯಾರೂ ಕೇಳಿರಲಿಲ್ಲವಾದ್ದರಿಂದ ಅದು ಹೊಳೆದಿರಲೇ ಇಲ್ಲವೋ ಏನೋ.

ಫೋನಿನಲ್ಲಿ ಅಮ್ಮ ಮಾತ್ರ ಒಂದೇ ಮಾತಿಗೆ ತೀರ್ಪು ಕೊಟ್ಟರು: ‘ಒಂದು ವರ್ಷ ಮಿಗುತ್ತದಲ್ಲಪ್ಪ!’

ನಮ್ಮ ಕಡೆ ವರ್ಷವೆಂದರೆ ಅಕ್ಕಿಯಂತೆ, ಮಿಗಿಸಬೇಕು, ದಂಡವಾಗಬಾರದು. ಒಂದನೆಯ ತರಗತಿಗೆ ಆರು ತುಂಬಿರಬೇಕೆಂಬ ನಿಯಮದ ವಿರುದ್ಧ ಪೋಷಕರು ಗದ್ದಲ ಮಾಡಿ, 2025-26ರ ಸಾಲಿಗೆ ಸರ್ಕಾರ ಅದನ್ನು ಐದು ವರ್ಷ ಐದು ತಿಂಗಳಿಗೆ ಇಳಿಸಿದ್ದು ಈ ಲೆಕ್ಕದಿಂದಲೇ. ಮಿಗಿಸಿದ ವರ್ಷದಲ್ಲಿ ಏನು ಮಾಡಿದಿರಿ ಎಂದು ಯಾರೂ ಕೇಳುವುದಿಲ್ಲ. ನಾನಂತೂ ಅದನ್ನು ಕೆಲಸ ಹುಡುಕುತ್ತಾ ಕಳೆದೆ.

ಇಂಥ ಚರ್ಚೆಯಲ್ಲಿ ಯಾರಾದರೊಬ್ಬರು ಸಿ.ಎನ್.ಆರ್. ರಾವ್ ಅವರನ್ನು ಎಳೆದು ತರುತ್ತಾರೆ. 1934ರಲ್ಲಿ ಹುಟ್ಟಿ 1951ರಲ್ಲೇ ಮೈಸೂರು ವಿಶ್ವವಿದ್ಯಾನಿಲಯದ ಬಿ.ಎಸ್ಸಿ. ಮುಗಿಸಿದರು, ನಿಜ. ಆದರೆ ಅವರು ಪ್ರಾಥಮಿಕ ಶಾಲೆಗೆ ಹೋಗದಿದ್ದರೂ ಆ ಪಾಠಗಳನ್ನೆಲ್ಲ ತಾಯಿ ಮನೆಯಲ್ಲೇ ಕಲಿಸಿದ್ದರು. ಹಾಜರಿ ಪುಸ್ತಕದಲ್ಲಿ ಆ ವರ್ಷಗಳಿಲ್ಲ, ತಲೆಯಲ್ಲಿ ಇದ್ದವು. ನನ್ನ ಮೂರನೆಯ ತರಗತಿ ಎರಡೂ ಕಡೆ ಇಲ್ಲ. ಮಗುವನ್ನು ದಾಟಿಸಬಾರದು ಎಂದು ನಾನು ಹೇಳುತ್ತಿಲ್ಲ. ಗೊತ್ತಿರುವುದನ್ನೇ ಮತ್ತೆ ಕೇಳುತ್ತಾ ಕಿಟಕಿ ನೋಡುವ ಮಗುವಿನ ಪಾಡೂ ಒಳ್ಳೆಯದಲ್ಲ. ದಾಟಿಸುವವರು ನಡುವಿನ ಪಾಠ ಯಾರು ತುಂಬುತ್ತಾರೆ ಎಂದು ಮೊದಲು ಹೇಳಲಿ.

ಹಾಗೆಂದು ಜರ್ಮನರ ಎಲ್ಲವೂ ಚೆನ್ನ ಎಂದಲ್ಲ. ಆರರ ಮಗುವಿನ ಬಗ್ಗೆ ಇಷ್ಟು ಯೋಚಿಸುವ ಈ ದೇಶದ ಬಹುತೇಕ ರಾಜ್ಯಗಳಲ್ಲಿ, ನಾಲ್ಕನೆಯ ತರಗತಿ ಮುಗಿಯುತ್ತಲೇ ಮಕ್ಕಳನ್ನು ಬೇರೆ ಬೇರೆ ಬಗೆಯ ಶಾಲೆಗಳಿಗೆ ವಿಂಗಡಿಸಿಬಿಡುತ್ತಾರೆ. ಹತ್ತು ವರ್ಷದ ಹುಡುಗನ ದಾರಿ ಆಗಲೇ ಅರ್ಧ ಗೊತ್ತುಮಾಡಿದಂತೆ. ಬರ್ಲಿನ್‌ನಲ್ಲಿ ಆರನೆಯ ತರಗತಿಯವರೆಗೆ ಕಾಯುತ್ತಾರೆ ಎಂಬುದೊಂದು ಸಮಾಧಾನ.

ಮಗಳನ್ನು ಕೇಳಿದೆ. ಗಣಿತ ದೊಡ್ಡವರ ಜೊತೆ ಬೇಕಂತೆ, ಆಟ ತನ್ನ ಗೆಳತಿಯ ಜೊತೆಯೇ ಬೇಕಂತೆ. ಈಸ್ಟರ್ ರಜೆಯವರೆಗೆ ಹಾಗೇ ನಡೆಯಲಿ ಎಂದು ಟೀಚರು ಒಪ್ಪಿದ್ದಾರೆ. ಮನೆಗೆ ಮೂರನೆಯ ತರಗತಿಯ ಗಣಿತ ಪುಸ್ತಕವೊಂದು ಬಂದಿದೆ. ಇಲ್ಲಿ ಭಾಗಾಕಾರದ ಚಿಹ್ನೆಗೆ ನಡುವಿನ ಗೆರೆಯಿಲ್ಲ, ಬರೀ ಎರಡು ಚುಕ್ಕೆ. ರಾತ್ರಿ ಊಟವಾದ ಮೇಲೆ ಇಬ್ಬರೂ ಅದನ್ನು ಬಿಡಿಸುತ್ತಾ ಕೂರುತ್ತೇವೆ. ಸದ್ಯಕ್ಕೆ ಅವಳೇ ಒಂದು ಪುಟ ಮುಂದಿದ್ದಾಳೆ.